ಹನ್ನೆರಡು ವರ್ಷದ ಕೆಪ್ಪಟ್ರಾಯ

ಮುಂಬೈ ಹತ್ತಿರದ ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ವಾಸುವಿನ ಮಾತೆಂದರೆ ಮಾತು. ಸರಳು ತುಂಬಿದ ಲಾರಿ ತೂಕದ ಕಾಂಟಾದ ಮೇಲೆ ಬಂದು ನಿಲ್ಲುತ್ತದೆ, ಗಾಜಿನ ಕಿಟಕಿಯ ಹಿಂದೆ ಕೂತ ವಾಸು ತೂಕ ಓದಿ ಹೇಳುತ್ತಾನೆ, ಡ್ರೈವರನೂ ವ್ಯಾಪಾರಿಯೂ ತುಟಿ ಪಿಟಕ್ಕೆನ್ನದೆ ಒಪ್ಪುತ್ತಾರೆ. "ವಾಸುಭಾಯ್ ಬೋಲಾ ತೋ ಬೋಲಾ" ಎಂದು ಅಲ್ಲಿ ಒಂದು ಮಾತೇ ಇತ್ತು. ಹದಿನೈದು ವರ್ಷದಲ್ಲಿ ಒಂದು ಕಿಲೋ ಆಚೀಚೆ ಹೇಳಿದವನಲ್ಲ. ಚಹಾಕ್ಕೆ ಕರೆದು ಕಿವಿಯಲ್ಲಿ ಪಿಸುಗುಡಲು ಬಂದವರನ್ನು ಬಾಗಿಲ ಆಚೆ ಅಟ್ಟಿದವನು. ಇಂಥ ಮನುಷ್ಯ ಸ್ವಂತ ಮಗಳ ವಿಷಯದಲ್ಲಿ ಒಂದೇ ಒಂದು ಶಬ್ದ ತಪ್ಪಾಗಿ ಆಡಿದ. ಆ ಶಬ್ದ 'ನಹೀಂ'.

ಮೊದಲಿನಿಂದ ಹೇಳದಿದ್ದರೆ ತಲೆಬುಡ ತಿಳಿಯುವುದಿಲ್ಲ.

ವಾಸು ಹುಟ್ಟಿದ್ದು ಉಡುಪಿ ಕಡೆ, ಶಿರ್ವದ ಹತ್ತಿರ. ಮೂರು ವರ್ಷ ತುಂಬುವಾಗ ಅವನ ಎರಡೂ ಕೆನ್ನೆ ಊದಿಕೊಂಡವು. ಅವನ ಅಮ್ಮ ನೋಡಿ, "ಕೆಪ್ಪಟ್ರಾಯ ಬಂದಿದೆ" ಅಂದಳು. ಉಳಿದ ಕಡೆಯವರು ಮಂಗನಬಾವು ಅನ್ನುತ್ತಾರಲ್ಲ, ಅದಕ್ಕೆ ಆ ಸೀಮೆಯ ಹೆಸರು ಇದು. ಹೆಸರಿನಲ್ಲಿ ರಾಯನೆಂಬ ಗೌರವ ಬೇರೆ. ಅರಸಿನ ಅರೆದು ಹಚ್ಚಿದಳು, ಸುಣ್ಣ ಹಚ್ಚಿದಳು. ಹತ್ತು ದಿನದಲ್ಲಿ ಇಳಿಯಬೇಕಾದ ಬಾವು ಇಳಿಯಲಿಲ್ಲ. ಜ್ವರವಿಲ್ಲ, ನೋವಿಲ್ಲ, ಹುಡುಗ ಉಂಡು ತಿಂದು ಆಡಿಕೊಂಡಿದ್ದಾನೆ, ಕೆನ್ನೆ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು. "ಹಠದ ಕೆಪ್ಪಟ್ರಾಯ" ಎಂದು ಅಮ್ಮ ಸುಮ್ಮನಾದಳು. ಶಾಲೆಯ ಮಕ್ಕಳು ಸುಮ್ಮನಾಗಲಿಲ್ಲ. ತುಳುವಿನಲ್ಲಿ ಬೊಂಡ ಎಂದರೆ ಎಳನೀರು. ಎರಡು ಕೆನ್ನೆ, ಎರಡು ಬೊಂಡ. ಹುಡುಗರು ದಾರಿಯಲ್ಲಿ ಹಿಡಿದು ನಿಲ್ಲಿಸಿ ಕೆನ್ನೆ ಬಡಿದು ನೋಡುತ್ತಿದ್ದರು, ಎಳತೋ ಬಲಿತದ್ದೋ ಎಂದು. ಮಾಸ್ಟರೂ ಒಂದು ದಿನ ಹಾಜರಿ ಕರೆಯುವಾಗ ಬಾಯಿತಪ್ಪಿ ಬೊಂಡ ಎಂದರು, ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ದಿನ ವಾಸು ಮನೆಗೆ ಬಂದು ಬಾವಿಕಟ್ಟೆಯ ಹಿಂದೆ ಕೂತು ಅತ್ತ. ಅಳುವ ಕೆನ್ನೆಯನ್ನೂ ಯಾರಾದರೂ ನೋಡಿ ನಗಬಹುದು ಎಂದು ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದ.

ಹದಿನೈದರ ಹೊತ್ತಿಗೆ ಬಾವು ತಾನಾಗಿ ಇಳಿಯತೊಡಗಿತು. ಅಮ್ಮ ದೈವಕ್ಕೆ ಹೇಳಿಕೊಂಡ ಹರಕೆ ಫಲಿಸಿತು ಎಂದು ಎಲ್ಲರೂ ತಿಳಿದರು. ಹದಿನೆಂಟಕ್ಕೆ ಅವನು ಮುಂಬೈ ಬಸ್ಸು ಹತ್ತಿದಾಗ ಸ್ವಲ್ಪ ಅಗಲ ಮುಖದ ಹುಡುಗ, ಅಷ್ಟೇ. ಹಿಂದಿನ ದವಡೆಹಲ್ಲುಗಳು ಕೆಲವು ಬರಲೇ ಇಲ್ಲ, ಅದನ್ನು ಯಾರು ನೋಡುತ್ತಾರೆ? ಬೊಂಡನನ್ನು ಶಿರ್ವದಲ್ಲೇ ಬಿಟ್ಟು ಬಂದೆ ಎಂದುಕೊಂಡ. ಮದುವೆಗೆ ಶಾಲೆಯ ಗೆಳೆಯರಲ್ಲಿ ಒಬ್ಬನನ್ನೂ ಕರೆಯಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಊರಿನ ದಾರಿಯನ್ನೂ ಹೆಚ್ಚು ತುಳಿಯಲಿಲ್ಲ. ಆಕೆ ಬದುಕಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು, ಮೊಮ್ಮಗಳ ಮುಖ ನೋಡಿದ ಕೂಡಲೇ ಅದೇ ಕೆಪ್ಪಟ್ರಾಯ ಎಂದು ಹೇಳುತ್ತಿದ್ದಳು.

ಹೆಂಡತಿ ಲೋಲಾಕ್ಷಿ ಕಾರ್ಕಳದವಳು. ಸೀರೆಗೆ ಫಾಲ್ ಹೊಲಿಯುವುದರಲ್ಲಿ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಡೊಂಬಿವಲಿ ಪೂರ್ವದಲ್ಲಿ, ಕೆಮಿಕಲ್ ಕಂಪನಿಗಳ ಸಾಲು ಶುರುವಾಗುವ ಕಡೆ, ಒಂದು ರೂಮು ಹಿಡಿದಿದ್ದರು. ಗಾಳಿ ಆ ಕಡೆಯಿಂದ ಬೀಸಿದರೆ ಒಗೆದು ಹಾಕಿದ ಬಟ್ಟೆಯೂ ನಾರುತ್ತಿತ್ತು. ಅಲ್ಲೇ ತೊಂಬತ್ತೈದರಲ್ಲಿ ರಮಿತಾ ಹುಟ್ಟಿದಳು. ದುಂಡು ಕೆನ್ನೆಯ ಮಗು. ಕಟ್ಟಡದ ಹೆಂಗಸರೆಲ್ಲ ಎತ್ತಿಕೊಂಡು ಮುದ್ದಿಸಿದರು. ಐದು ದಾಟಿದ ಮೇಲೂ ಕೆನ್ನೆ ಕರಗಲಿಲ್ಲ, ಎಡಗಡೆಯದು ಎದ್ದು ಕಾಣುವಷ್ಟು ದಪ್ಪವಾಯಿತು. ಬಲಗಡೆಯೂ ದಪ್ಪವಿತ್ತು, ಆದರೆ ಎಡದ ಎದುರು ಅದು ಮಗುವಿನ ಕೆನ್ನೆಯಂತೆ ಕಂಡಿತು. ಮನುಷ್ಯನ ಕಣ್ಣೇ ಹಾಗೆ.

ಎರಡು ಸಾವಿರದ ಎರಡರಲ್ಲಿ ಕಲ್ಯಾಣದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿನ ಸರ್ಜನ್ ಎಡಗಡೆ ಒತ್ತಿ ನೋಡಿದ, ಎಡಗಡೆಯ ಎಕ್ಸ್‌ರೇ ಮಾತ್ರ ತೆಗೆಸಿದ. ಫಿಲ್ಮಿನಲ್ಲಿ ದವಡೆಯ ಮೂಳೆ ಇರಬೇಕಾದ ಕಡೆ ಕಪ್ಪು ಕಪ್ಪು ಗುಳ್ಳೆಗಳು. ಕಾವಲಿಯ ಮೇಲೆ ದೋಸೆಗೆ ತೂತು ಬೀಳುತ್ತದಲ್ಲ, ಹಾಗೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಅದರಲ್ಲೂ ಏನೋ ದೊಡ್ಡ ದೊಡ್ಡ ಕೋಶಗಳು ಎಂದು ಬಂತು. ಸರ್ಜನ್ ಪೆನ್ನು ಮುಚ್ಚಿ ಕೇಳಿದ, "ಘರ್ ಮೇ ಪಹಲೇ ಕಿಸೀಕೋ ಐಸಾ ಟ್ಯೂಮರ್ ಹುವಾ ಹೈ?"

ಮನೆಯಲ್ಲಿ ಮೊದಲು ಯಾರಿಗಾದರೂ ಇಂಥ ಗಡ್ಡೆ ಆಗಿತ್ತೇ? ಆ ಕ್ಷಣ ವಾಸುವಿಗೆ ತನ್ನ ಕೆನ್ನೆ ನೆನಪಾಯಿತು. ನೆನಪಾಗಲಿಲ್ಲ ಎಂದು ನಾನು ಅವನ ಪರವಾಗಿ ಸುಳ್ಳು ಹೇಳಲಾರೆ. ಶಾಲೆಯ ಅಂಗಳ, ಬಡಿದು ನೋಡುವ ಕೈಗಳು, ಎಲ್ಲ ಒಮ್ಮೆಗೇ ಬಂತು. ಆದರೆ ಡಾಕ್ಟರು ಕೇಳಿದ್ದು ಟ್ಯೂಮರ್. ತನಗೆ ಬಂದದ್ದು ಕೆಪ್ಪಟ್ರಾಯ. ಅದು ಕೆನ್ನೆಯ ಬಾವು, ಇದು ಮೂಳೆಯ ರೋಗ. ಎಲ್ಲಿಂದೆಲ್ಲಿಗೆ? ಜೊತೆಗೆ ಪಕ್ಕದಲ್ಲಿ ಲೋಲಾಕ್ಷಿ ಕೂತಿದ್ದಳು. ಬಾಯಿ ಬಿಟ್ಟರೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ, ಕೊನೆಗೆ ಬೊಂಡ ಬರುತ್ತಾನೆ.

"ನಹೀಂ ಸಾಬ್" ಎಂದ.

ಬಿಟ್ಟರೆ ಜೀವಕ್ಕೇ ಬರುತ್ತದೆ ಎಂದು ಸರ್ಜನ್ ಹೇಳಿದ. ಏಳು ವರ್ಷದ ರಮಿತಾಳ ಕೆಳದವಡೆಯ ಎಡ ಅರ್ಧವನ್ನು ಕತ್ತರಿಸಿ ತೆಗೆದರು.

ಆಮೇಲಿನದನ್ನು ಹೇಗೆ ಹೇಳುವುದು? ಮೂಳೆ ಹೋದ ಕಡೆ ಕೆನ್ನೆ ಒಳಗೆ ಕುಸಿಯಿತು. ಗದ್ದ ಎಡಕ್ಕೆ ಸರಿಯಿತು. ಬಾಯಿ ತೆರೆದರೆ ಇಡೀ ಮುಖವೇ ಒಂದು ಕಡೆಗೆ ಜಾರಿದಂತೆ ಕಾಣುತ್ತಿತ್ತು. ಗಂಜಿ, ಮೆತ್ತಗಿನ ಅನ್ನ, ಚಹಾದಲ್ಲಿ ನೆನೆಸಿದ ಪಾವ್, ಇಷ್ಟೇ ಅವಳ ಊಟ. ಮುದ್ದಿಸಿದ ಹೆಂಗಸರೇ ಲಿಫ್ಟಿನಲ್ಲಿ ಮುಖ ತಿರುಗಿಸಿದರು, ಅವರ ಮನೆ ಹಾಳಾಗ. ರಮಿತಾ ಶಾಲೆಯಲ್ಲಿ ಕೊನೆಯ ಬೆಂಚಿನ ಎಡಮೂಲೆ ಹುಡುಕಿಕೊಂಡಳು, ಗೋಡೆ ಆ ಕಡೆ ಬರುವಂತೆ. ಮಾತು ಬೇಕಾದಷ್ಟೇ, ಅದೂ ಹಿಂದಿಯಲ್ಲಿ. ಮನೆಯಲ್ಲಿ ಅಪ್ಪ ಅಮ್ಮ ತುಳುವೋ ಕನ್ನಡವೋ ಆಡಿದರೆ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿ. ಲೆಕ್ಕದಲ್ಲಿ ವರ್ಗಕ್ಕೇ ಮೊದಲಿಗಳು. ಬಹುಮಾನ ಕೊಡಲು ವೇದಿಕೆಗೆ ಕರೆದ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಿದ್ದಳು.

ಅವಳ ಬಲಗೆನ್ನೆಯ ದಪ್ಪ ಮುಂದೆ ಎರಡು ಮೂರು ವರ್ಷ ಹೆಚ್ಚಾಯಿತು. ಲೋಲಾಕ್ಷಿ ಯಾರಿಗೂ ತೋರಿಸಲು ಒಪ್ಪಲಿಲ್ಲ. ಒಂದು ಕಡೆ ಕೊಟ್ಟದ್ದು ಸಾಕು ಎಂದಳು. ಹನ್ನೆರಡು ಹದಿಮೂರಕ್ಕೆ ಅದು ತಾನಾಗಿ ಇಳಿಯಿತು. ಲೋಲಾಕ್ಷಿ ತನ್ನ ಸಂಕಷ್ಟಿ ಉಪವಾಸದ ಫಲವೆಂದು ತಿಳಿದಳು. ಇಳಿಯುವುದನ್ನು ವಾಸುವೂ ನೋಡಿದ್ದ, ಬಾಯಿ ಬಿಡಲಿಲ್ಲ.

ಇದೆಲ್ಲ ಯಾಕೆ ಆಯಿತು ಎಂಬುದಕ್ಕೆ ವಾಸು ಒಂದು ಕಾರಣ ಹಿಡಿದುಕೊಂಡಿದ್ದ. ಕೆಮಿಕಲ್ ಹವೆ. ಆ ಕಂಪನಿಗಳಿಗೆ ಅವನು ಹಾಕಿದ ಹಿಡಿಶಾಪ ಎಷ್ಟೋ. ಆಪರೇಷನ್ ಆದ ಮರುವರ್ಷವೇ ಡೊಂಬಿವಲಿಯ ರೂಮು ಬಿಟ್ಟು ಘಣಸೋಲಿಯ ಹಳೇ ಊರಿನಲ್ಲಿ, ಸಮುದ್ರದ ಖಾಡಿಯ ಕಡೆ ಗಾಳಿ ಬರುವ ಮನೆ ಹುಡುಕಿದ. ಅಲ್ಲಿ ಎರಡು ಸಾವಿರದ ನಾಲ್ಕರಲ್ಲಿ ಸೂರಜ್ ಹುಟ್ಟಿದ. ಇವನು ಒಳ್ಳೆ ಗಾಳಿಯಲ್ಲಿ ಬೆಳೆಯುತ್ತಾನೆ ಎಂದು ವಾಸು ಕಾಂಟಾದಲ್ಲಿ ಎಲ್ಲರಿಗೂ ಪೇಡೆ ಹಂಚಿದ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಲೋಲಾಕ್ಷಿ ಹುಡುಗನಿಗೆ ಸ್ನಾನ ಮಾಡಿಸುತ್ತಿದ್ದಳು. ಸೋಪು ಹಚ್ಚಿದ ಕೈ ಗದ್ದದ ಕೆಳಗೆ ಹೋದಾಗ ಎರಡೂ ಕಡೆ ಗಟ್ಟಿಯಾಗಿ ತಾಗಿತು. ಹುಡುಗ ನೀರು ಹಾಕು ಎಂದು ಕೂಗುತ್ತಿದ್ದಾನೆ, ಇವಳು ತಂಬಿಗೆ ಹಿಡಿದು ಹಾಗೇ ಕೂತಿದ್ದಾಳೆ.

ಗಂಡನಿಗೆ ಹೇಳಲಿಲ್ಲ. ಹೇಳಿದರೆ ನಿಜವಾಗುತ್ತದೆ ಎಂಬ ಭಯ. ಮರುದಿನದಿಂದ ಹುಡುಗನ ಹಾಲು ನಿಲ್ಲಿಸಿದಳು, ತುಪ್ಪ ನಿಲ್ಲಿಸಿದಳು, ಎರಡು ಚಪಾತಿಯ ಕಡೆ ಒಂದು ಕೊಟ್ಟಳು. ಮೈ ಇಳಿದರೆ ಕೆನ್ನೆಯೂ ಇಳಿಯಬಹುದಲ್ಲ. ದಿನಾ ಬೆಳಿಗ್ಗೆ ಬ್ಲೌಸ್ ಅಳೆಯುವ ಟೇಪು ತಂದು ಒಂದು ಕಿವಿಯಿಂದ ಗದ್ದದ ಕೆಳಗಾಗಿ ಇನ್ನೊಂದು ಕಿವಿಗೆ ಅಳೆದಳು. ಹುಡುಗನಿಗೆ ಅದು ಆಟ. ಅವಳಿಗೆ ಕಾಲು ಇಂಚಿನ ಗೆರೆಯೇ ಜೀವ. ಆರು ವಾರದಲ್ಲಿ ಹುಡುಗನ ಪಕ್ಕೆಲುಬು ಎಣಿಸುವ ಹಾಗಾಯಿತು, ಟೇಪಿನಲ್ಲಿ ಅರ್ಧ ಇಂಚು ಹೆಚ್ಚಾಯಿತು.

ಕೊನೆಗೆ ಗುಟ್ಟು ಒಡೆದದ್ದು ರಮಿತಾಳಿಂದ. ಹಸಿವು ಎಂದು ಅಳುತ್ತಿದ್ದ ತಮ್ಮನಿಗೆ ಅವಳು ಕದ್ದು ಬಿಸ್ಕೆಟ್ ಕೊಡುವಾಗ ವಾಸು ನೋಡಿದ. ಯಾಕೆ ಕದಿಯುತ್ತೀ ಎಂದು ಗದರಿದ.

"ಮಮ್ಮಿ ಇಸ್ಕೋ ಖಾನಾ ನಹೀಂ ದೇತೀ" ಎಂದಳು ಅವಳು. "ಗಾಲ್ ದೇಖೋ ನಾ ಇಸ್ಕಾ. ಮೇರೇ ಜೈಸಾ."

ವಾಸು ನೋಡಿದ. ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುವವನು, ಮಲಗಿದ ಮಗನ ಮುಖವನ್ನಷ್ಟೇ ಕಂಡವನು, ಅಂದು ಆ ಕೆನ್ನೆಯನ್ನು ಬೆಳಕಿನಲ್ಲಿ ನೋಡಿದ. ರಮಿತಾಳ ಮುಖದ ಹಾಗಿತ್ತು ಎನ್ನುವುದಕ್ಕಿಂತ ಹೆಚ್ಚಾಗಿ ಅದು ಶಿರ್ವದ ಶಾಲೆಯ ಗುಂಪು ಫೋಟೋದಲ್ಲಿದ್ದ ಮುಖ. ಆ ಫೋಟೋವನ್ನು ಅವನು ಎಂದೋ ಹರಿದು ಹಾಕಿದ್ದ.

ಕಲ್ಯಾಣದ ಅದೇ ಸರ್ಜನ್ ಹತ್ತಿರ ಹೋದರು. ಬೇರೆ ಯಾರನ್ನು ಗೊತ್ತು? ಅವನಿಗೆ ವಯಸ್ಸಾಗಿತ್ತು, ಹೊರಗೆ ಕಾಯುವವರ ಸಾಲು ಉದ್ದವಿತ್ತು. ಎರಡು ಬೆರಳಿನಿಂದ ಹುಡುಗನ ದವಡೆ ಒತ್ತಿದ. ಅಕ್ಕನದೇ ಇದು, ಈ ಸಲ ಎರಡೂ ಕಡೆ ಇದೆ, ಎರಡೂ ಕಡೆ ತೆಗೆಯಬೇಕಾಗುತ್ತದೆ ಎಂದ. ಮುಖ ಪೂರ್ತಿ ಬರುವ ದೊಡ್ಡ ಎಕ್ಸ್‌ರೇ, ಒಪಿಜಿ ಅನ್ನುತ್ತಾರೆ, ಅದನ್ನು ಠಾಣೆ ಪೇಟೆಯಲ್ಲಿ ತೆಗೆಸಿಕೊಂಡು ಗುರುವಾರ ಬಂದು ಅಡ್ಮಿಟ್ ಆಗಿ ಎಂದು ಚೀಟಿ ಬರೆದ. ಅಂದು ಸೋಮವಾರ.

ಮನೆಗೆ ಬಂದ ಲೋಲಾಕ್ಷಿ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ನೆಲದಲ್ಲಿ ಕುಸಿದಳು.

"ನಾನು ಕೊಡುವುದಿಲ್ಲ" ಎಂದಳು. "ಒಂದು ಮಗುವನ್ನು ಕೊಟ್ಟೆ. ಇವನನ್ನು ಕೊಡುವುದಿಲ್ಲ."

"ಕೊಡದಿದ್ದರೆ ಜೀವ ಹೋಗ್ತದೆ ಮಾರಾಯ್ತಿ."

"ಹೋಗಲಿ. ಎರಡೂ ಕಡೆ ತೆಗೆದರೆ ಅವನಿಗೆ ಬಾಯಿ ಅಂತ ಎಂತ ಉಳೀತದೆ? ಗಂಜಿ ಕುಡೀಲಿಕ್ಕೂ ಗದ್ದ ಬೇಕಲ್ಲ. ನೀವು ಎದುರು ಕೂತು ಉಣ್ಣಿಸ್ತೀರಾ? ನೀವು ಕಾಂಟಾಕ್ಕೆ ಹೋಗ್ತೀರಿ. ನೋಡುವವಳು ನಾನು."

ವಾಸು ಕಂಪನಿಗಳನ್ನು ಬೈಯಲು ಬಾಯಿ ತೆರೆದ, ಆದರೆ ಈ ಹುಡುಗ ಆ ಗಾಳಿಯನ್ನು ಮೂಸಿಯೂ ಇರಲಿಲ್ಲ. ಏಳು ವರ್ಷ ಒರಗಿದ್ದ ಗೋಡೆ ಅಲ್ಲಿಗೆ ಬಿತ್ತು. ಬಾಗಿಲ ಹತ್ತಿರ ನಿಂತಿದ್ದ ರಮಿತಾ, ದುಪಟ್ಟಾವನ್ನು ಗದ್ದದ ಮೇಲೆ ಎಳೆದುಕೊಂಡು, "ಉಸ್ಕೋ ಮತ್ ಕಾಟೋ, ಪಪ್ಪಾ" ಎಂದಳು, ಅವನನ್ನು ಕತ್ತರಿಸಬೇಡಿ ಎಂದು. ತನ್ನ ಆಪರೇಷನ್ನಿನ ಬಗ್ಗೆ ಅವಳು ಏಳು ವರ್ಷದಲ್ಲಿ ಒಂದು ಮಾತು ಆಡಿರಲಿಲ್ಲ.

ಬುಧವಾರ ಮಧ್ಯಾಹ್ನ ನಾಲ್ವರೂ ಠಾಣೆಯ ನೌಪಾಡಾದ ಎಕ್ಸ್‌ರೇ ಸೆಂಟರಿಗೆ ಹೋದರು. ರಮಿತಾ ತಾನೂ ಬರುತ್ತೇನೆಂದು ಹಠ ಹಿಡಿದಿದ್ದಳು. ಅವಳ ಹಳೇ ಫಿಲ್ಮನ್ನು ಲೋಲಾಕ್ಷಿ ಚೀಲದಲ್ಲಿ ಹಾಕಿಕೊಂಡಿದ್ದಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಸೆಂಟರಿನ ಡಾಕ್ಟರು ಅಶ್ಮಿತಾ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಹಲ್ಲು ದವಡೆಯ ಎಕ್ಸ್‌ರೇ ಓದುವುದೇ ಅವಳ ವಿದ್ಯೆ.

ಹುಡುಗನಿಗೆ ಸೀಸದ ಭಾರದ ಅಂಗಿ ತೊಡಿಸಿ, ಗದ್ದವನ್ನು ಹಲಗೆಯ ಮೇಲೆ ಇಟ್ಟು, ಮುಂದಿನ ಹಲ್ಲಿನಲ್ಲಿ ಕಡ್ಡಿ ಕಚ್ಚಿಸಿದರು. ಮಷಿನ್ ತಲೆಯ ಸುತ್ತ ತಿರುಗಿ ಬರುವವರೆಗೆ ಅಲುಗಬಾರದು. ಸೂರಜ್ ಹೆದರಿ ತಿರುಗಿದ, ಫಿಲ್ಮು ಕೆಟ್ಟಿತು. ಆಗ ರಮಿತಾ ಗಾಜಿನ ಆಚೆ ನಿಂತು, ಜನರ ಎದುರು ಎಂದೂ ತೆಗೆಯದ ದುಪಟ್ಟಾ ತೆಗೆದು, "ಸೂರಜ್, ಸ್ಟ್ಯಾಚ್ಯೂ" ಎಂದಳು. ಮನೆಯಲ್ಲಿ ಆಡುವ ಆಟ. ಹುಡುಗ ಕಲ್ಲಾಗಿ ನಿಂತ. ಮಷಿನ್ ಒಂದು ಸುತ್ತು ಬಂತು.

ಫಿಲ್ಮು ಬೆಳಕಿನ ಪೆಟ್ಟಿಗೆಗೆ ಏರಿತು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಇಡೀ ದವಡೆ ಬಿಡಿಸಿಟ್ಟ ಹಾಗೆ ಕಾಣುತ್ತಿತ್ತು. ಎರಡೂ ಮೂಲೆಯಲ್ಲಿ ಅದೇ ಕಪ್ಪು ಗುಳ್ಳೆಗಳು, ಅಕ್ಕಪಕ್ಕ ಒತ್ತಿಕೊಂಡು. ಮುಂದೆ ಬರಬೇಕಾದ ಹಲ್ಲಿನ ಮೊಳಕೆಗಳು ಅಲ್ಲಲ್ಲಿ ಸರಿದು ತೇಲುತ್ತಿದ್ದವು. ಲೋಲಾಕ್ಷಿ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡಳು.

ಅಶ್ಮಿತಾ ಮಾತ್ರ ತುಂಬ ಹೊತ್ತು ನೋಡಿದಳು. ಎಡ, ಬಲ, ಮತ್ತೆ ಎಡ. "ಅಂಕಲ್, ಫ್ಯಾಮಿಲಿ ಮೇ ಕಿಸೀಕೋ ಐಸಾ ಥಾ?"

"ಇಸ್ಕೇ ಬೆಹನ್ ಕೋ ಟ್ಯೂಮರ್ ಥಾ" ಎಂದ ವಾಸು.

"ಉಸ್ಕೇ ಪಹಲೇ? ಆಪ್ ಕೇ ಸೈಡ್ ಮೇ, ಆಂಟಿ ಕೇ ಸೈಡ್ ಮೇ?"

"ನಹೀಂ."

ಏಳು ವರ್ಷದ ಹಿಂದಿನ ಅದೇ ಶಬ್ದ, ಅಷ್ಟೇ ಸಲೀಸಾಗಿ ಬಂತು. ಡಾಕ್ಟರು ಏನೋ ಬರೆದುಕೊಳ್ಳತೊಡಗಿದಳು. ಲೋಲಾಕ್ಷಿ ಸದ್ದಿಲ್ಲದೆ ಅಳುತ್ತಿದ್ದಳು, ಅವಳ ಹೆಗಲು ಮಾತ್ರ ಅಲುಗುತ್ತಿತ್ತು. ನಾಳೆ ಗುರುವಾರ. ವಾಸುವಿಗೆ ಆ ಹೆಗಲನ್ನು ನೋಡಲಾಗಲಿಲ್ಲ. ಅವಳನ್ನು ಸಮಾಧಾನ ಮಾಡಲು ಏನಾದರೂ, ಏನೇ ಆಗಲಿ, ಒಂದು ಮಾತು ಬೇಕಾಗಿತ್ತು. ತುಳುವಿನಲ್ಲಿ ಮೆಲ್ಲಗೆ ಹೇಳಿದ, "ಅಳಬೇಡ ಲೋಲಾ. ಇದು ಬರೀ ಕೆಪ್ಪಟ್ರಾಯ ಆಗಿದ್ದರೆ ಎಷ್ಟು ಒಳ್ಳೆದಿತ್ತು. ನನಗೂ ಬಂದಿತ್ತು, ಹೀಗೇ ಎರಡು ಬದಿ ಊದಿತ್ತು, ಹೋಯಿತು."

ಡಾಕ್ಟರ ಪೆನ್ನು ನಿಂತಿತು. ಅವಳ ಅಜ್ಜಿ ಉಡುಪಿ ಹತ್ತಿರದ ಕಟಪಾಡಿಯವಳು ಎಂದು ಇವರಿಗೇನು ಗೊತ್ತು? ಅವಳು ತಡವರಿಸುತ್ತ ಕನ್ನಡದಲ್ಲಿ ಕೇಳಿದಳು, "ಕೆಪ್ಪಟ್ರಾಯ ಅಂದ್ರೆ ಮಮ್ಸ್ ಅಲ್ವಾ ಅಂಕಲ್? ನಂಗೂ ಬಂದಿತ್ತು, ಅಜ್ಜಿ ಹಾಗೇ ಹೇಳ್ತಿದ್ರು. ಒಂದು ವಾರ, ಹತ್ತು ದಿನ. ನಿಮ್ಗೆ ಎಷ್ಟು ದಿನ ಇತ್ತು?"

ಹತ್ತು ದಿನ ಎಂದುಬಿಡಬಹುದಿತ್ತು. ವಾಸುವಿನ ನಾಲಿಗೆ ಅತ್ತ ಹೊರಳಿತ್ತು ಕೂಡ. ಲೋಲಾಕ್ಷಿ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು, ಹದಿನಾರು ವರ್ಷದ ಸಂಸಾರದಲ್ಲಿ ಕೇಳದ ಮಾತು ಕೇಳಿದವಳಂತೆ. ಬೆಳಕಿನ ಪೆಟ್ಟಿಗೆಯ ಮೇಲೆ ಮಗನ ದವಡೆ. ಕೆಳಗೆ ಬೆಂಚಿನ ಮೇಲೆ ಮಗ, ಅಕ್ಕ ಇನ್ನೂ 'ಓವರ್' ಹೇಳಿಲ್ಲವೆಂದು ಕದಲದೆ ಕೂತವನು.

"ದಿನ ಅಲ್ಲಮ್ಮ" ಎಂದ ವಾಸು. "ಹನ್ನೆರಡು ವರ್ಷ."

ಅಶ್ಮಿತಾ ಎದ್ದು ನಿಂತಳು. "ಬನ್ನಿ, ನೀವೂ ನಿಲ್ಲಿ ಮಷಿನ್ನಿಗೆ."

ನಲವತ್ತಮೂರು ವರ್ಷದ ಮನುಷ್ಯ ಹಲಗೆಯ ಮೇಲೆ ಗದ್ದ ಇಟ್ಟು ಕಡ್ಡಿ ಕಚ್ಚಿ ನಿಂತ. ಮಷಿನ್ ಅವನ ಸುತ್ತ ತಿರುಗಿತು. ಅವನ ಫಿಲ್ಮನ್ನು ಮಗನದರ ಪಕ್ಕ ಏರಿಸಿದರು. ಎರಡೂ ಮೂಲೆಯಲ್ಲಿ ಮೂಳೆ ಬಂದು ತುಂಬಿಕೊಂಡಿತ್ತು, ಹಳೇ ಗೋಡೆಗೆ ಹೊಸ ಗಾರೆ ಮೆತ್ತಿದಂತೆ ಅಲ್ಲಲ್ಲಿ ಬೇರೆ ಬಣ್ಣ. ಅಲ್ಲೊಂದು ಇಲ್ಲೊಂದು ಸಣ್ಣ ಕಪ್ಪು ಚುಕ್ಕೆ ಉಳಿದಿತ್ತು. ಹಿಂದಿನ ಹಲ್ಲುಗಳು ಇರಲಿಲ್ಲ.

"ಇದು ಟ್ಯೂಮರ್ ಅಲ್ಲ ಆಂಟಿ" ಎಂದಳು ಅಶ್ಮಿತಾ. "ಚೆರುಬಿಸಂ ಅಂತ ಹೆಸರು. ದವಡೆ ಬೆಳೆಯೋದ್ರಲ್ಲೇ ಆಗೋ ವ್ಯತ್ಯಾಸ, ಅಪ್ಪನಿಂದ ಮಕ್ಕಳಿಗೆ ಬರ್ತದೆ. ತುಂಬ ಕಡಿಮೆ ಜನಕ್ಕೆ. ಹೀಗೆ ಎರಡು ಸೈಡೂ ಒಂದೇ ಥರ ಇರ್ತದೆ, ಅದೇ ಇದರ ಗುರುತು. ದೊಡ್ಡವನಾದ ಮೇಲೆ ತಾನಾಗಿ ತುಂಬ್ತದೆ, ಅಂಕಲ್‌ಗೆ ತುಂಬಿದ ಹಾಗೆ. ದೊಡ್ಡ ಆಸ್ಪತ್ರೆಗೆ ಲೆಟರ್ ಕೊಡ್ತೇನೆ, ಅವರು ಪಕ್ಕಾ ಮಾಡ್ತಾರೆ. ವರ್ಷಕ್ಕೊಂದ್ಸಲ ತೋರಿಸಿ. ನಾಳೆ ಮಾತ್ರ ಎಲ್ಲಿಗೂ ಹೋಗ್ಬೇಡಿ. ಯಾರೂ ಚಾಕು ಹಾಕ್ಬಾರ್ದು."

ಲೋಲಾಕ್ಷಿ ಡಾಕ್ಟರ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಏನೋ ಹೊಳೆದವಳಂತೆ ಚೀಲದಿಂದ ಹಳೇ ಫಿಲ್ಮು ತೆಗೆದು ಕೊಟ್ಟಳು. ಅಶ್ಮಿತಾ ಮೂರನ್ನೂ ಸಾಲಾಗಿ ಇಟ್ಟಳು. ಅಪ್ಪ, ಮಗ, ನಡುವೆ ಏಳು ವರ್ಷದ ಹುಡುಗಿಯ ಎಡದವಡೆ. ಅದೇ ಗುಳ್ಳೆಗಳು, ಅದೇ ಜಾಗ. ಅವಳು ರಮಿತಾಳ ಕಡೆ ತಿರುಗಿ ಬಲಗೆನ್ನೆಯನ್ನು ಮೆಲ್ಲಗೆ ಮುಟ್ಟಿದಳು.

"ಈ ಕಡೆ ಊದಿತ್ತಾ?"

"ಹಾಂ. ಅಪನೇ ಆಪ್ ಗಯಾ" ಎಂದಳು ರಮಿತಾ.

ಎಡಗಡೆಯ ಬಗ್ಗೆ ಡಾಕ್ಟರು ಏನೂ ಕೇಳಲಿಲ್ಲ. ಪೆಟ್ಟಿಗೆಯ ದೀಪ ಆರಿಸಿದಳು.

ಠಾಣೆ ಸ್ಟೇಷನ್ನಿನಲ್ಲಿ ಪನ್ವೇಲ್ ಕಡೆಯ ಗಾಡಿ ತಡವಿತ್ತು. ನಾಲ್ವರೂ ಒಂದು ಬೆಂಚಿನಲ್ಲಿ ಕೂತರು. ಲೋಲಾಕ್ಷಿ ಸೂರಜನಿಗೆ ಒಂದು ವಡಾಪಾವ್ ತಂದಳು, ಅದು ಮುಗಿಯುವ ಮೊದಲೇ ಇನ್ನೊಂದು ತಂದಳು. "ತಿನ್ನು ಮಗಾ, ಎಷ್ಟು ಬೇಕೋ ತಿನ್ನು" ಎನ್ನುತ್ತ ಅವನ ಊದಿದ ಕೆನ್ನೆಗೆ ಮುತ್ತಿಟ್ಟಳು, ಆಚೆ ಒಂದು, ಈಚೆ ಒಂದು. ಹುಡುಗ ಎರಡೂ ದವಡೆಯಲ್ಲಿ ಗಬಗಬನೆ ಅಗಿಯುತ್ತಿದ್ದ. ರಮಿತಾ ತನ್ನ ಪಾಲಿನ ಪಾವನ್ನು ಚೂರು ಮಾಡಿ ಚಹಾದಲ್ಲಿ ಅದ್ದುತ್ತಿದ್ದಳು. ಫಿಲ್ಮುಗಳ ದೊಡ್ಡ ಲಕೋಟೆ ಅವಳ ಮಡಿಲಲ್ಲಿತ್ತು. ಬಿಡಿಸಿ ಹೇಳಲು ಅವಳೇನು ಮಗುವೇ? ಲೆಕ್ಕದಲ್ಲಿ ಮೊದಲಿಗಳು. ಅಲ್ಲಿಂದ ಹೊರಡುವಾಗಲೇ ಕೂಡಿಸಿ ಮುಗಿಸಿದ್ದಳು.

"ಪಪ್ಪಾ" ಎಂದಳು. ಆಮೇಲೆ, ಎಷ್ಟೋ ವರ್ಷದ ನಂತರ, ಕನ್ನಡದಲ್ಲಿ ಕೇಳಿದಳು, "ನನ್ನದೂ ತಾನಾಗಿ ಹೋಗ್ತಿತ್ತು ಅಲ್ವಾ?"

"ಹೋಗ್ತಿತ್ತು" ಎಂದ ವಾಸು.

ಅವಳು ಪಾವಿನ ಚೂರನ್ನು ಚಹಾದಲ್ಲಿ ಬಿಟ್ಟಳು. ಅದು ಮುಳುಗಿತು.

"ಆ ದಿನ ಕಲ್ಯಾಣದಲ್ಲಿ ಡಾಕ್ಟರ್ ಕೇಳಿದ್ರಲ್ಲ, ಮನೇಲಿ ಯಾರಿಗಾದ್ರೂ ಇತ್ತಾ ಅಂತ. ನಾನು ಅಲ್ಲೇ ಇದ್ದೆ, ಮಮ್ಮಿ ಕಾಲ ಮೇಲೆ. ನೀವು ನಹೀಂ ಅಂದ್ರಿ." ಅವಳು ದುಪಟ್ಟಾವನ್ನು ಮುಖದಿಂದ ಸರಿಸಿ ಅಪ್ಪನ ಎದುರು ತಿರುಗಿದಳು. "ಆಗ ನಿಮಗೆ ನಿಮ್ಮ ಕೆನ್ನೆ ನೆನಪಿತ್ತಾ?"

ಲೋಲಾಕ್ಷಿಯ ಕೈ ಸೂರಜನ ಬಾಯಿಯ ಹತ್ತಿರ ನಿಂತಿತು. ದೂರದಲ್ಲಿ ಗಾಡಿ ಬರುತ್ತಿರುವ ಸದ್ದಾಯಿತು, ಜನ ಎದ್ದು ಅಂಚಿಗೆ ಸರಿದರು. ಗಾಡಿ ಬಂದರೆ ಗದ್ದಲ, ಗದ್ದಲದಲ್ಲಿ ಮಾತು ತೇಲಿಹೋಗುತ್ತದೆ, ಏರಿ ಕೂತರೆ ಪ್ರಶ್ನೆಯೂ ಇಲ್ಲಿಯೇ ಉಳಿಯುತ್ತದೆ. ಇಲ್ಲ ಮಗಾ, ಮರೆತೇ ಹೋಗಿತ್ತು ಎಂದರೆ ಅವಳು ನಂಬಬಹುದಿತ್ತು. ನಂಬಲು ಅವಳಿಗೂ ಆಸೆ ಇತ್ತು, ಅದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

ವಾಸು ಅವಳ ಮುಖ ನೋಡಿದ, ಇದ್ದ ಅರ್ಧವನ್ನೂ ಇಲ್ಲದ ಅರ್ಧವನ್ನೂ. ಆಮೇಲೆ ಹದಿನೈದು ವರ್ಷ ಕಾಂಟಾದ ಕಿಟಕಿಯಿಂದ ತೂಕ ಹೇಳಿದ ಅದೇ ದನಿಯಲ್ಲಿ, ಹೆಚ್ಚು ಮಾಡದೆ ಕಡಿಮೆ ಮಾಡದೆ, "ನೆನಪಿತ್ತು" ಎಂದ.